ಅಪ್ಪನ ಬಾಟಲಿಯಲ್ಲಿ ಕಾವೇರಮ್ಮ

ಕಾವೇರಮ್ಮ ವರ್ಷಕ್ಕೊಮ್ಮೆ ತೀರ್ಥವಾಗಿ ಉಕ್ಕಿ ಬರುವ ತುಲಾ ಸಂಕ್ರಮಣಕ್ಕೆ ಈ ಸಲ ತಲಕಾವೇರಿಗೆ ಹೊರಟಾಗ ಅಪ್ಪನ ಮಿಲಿಟರಿ ನೀರಿನ ಬಾಟಲಿ ಜೊತೆಗಿತ್ತು. ಖಾಕಿ ಉಣ್ಣೆಯ ಹೊದಿಕೆ ಇರುವಂಥದ್ದು. ಆ ಹೊದಿಕೆ ಒದ್ದೆ ಮಾಡಿದರೆ ಒಳಗಿನ ನೀರು ತಣ್ಣಗಿರುತ್ತದೆ ಎಂದು ಅಪ್ಪ ಹೇಳುತ್ತಿದ್ದರು.

ಭಾಗಮಂಡಲದ ಸಂಗಮದಲ್ಲಿ ಮುಳುಗು ಹಾಕಿ ಎದ್ದಾಗ ಹೆಗಲಲ್ಲಿದ್ದ ಅದೂ ನೆನೆದಿತ್ತು. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಎಂಟು ವರ್ಷ. ಅಪ್ಪ ರಜೆಗೆ ಬಂದಿದ್ದಾರೆ, ಜಗಲಿಯಲ್ಲಿ ಟ್ರಂಕು ತೆರೆದಿದ್ದಾರೆ, ಮನೆ ತುಂಬ ಇದೇ ವಾಸನೆ. ಆಮೇಲೆ ಬೆಟ್ಟಕ್ಕೆ ಹೇಗೆ ಹೋದೆ, ಎಷ್ಟು ಹೊತ್ತು ನಿಂತೆ, ಸರಿಯಾಗಿ ನೆನಪೇ ಇಲ್ಲ.

ಅಪ್ಪ ಮದ್ರಾಸ್ ರೆಜಿಮೆಂಟಿನವರು. ವೆಲ್ಲಿಂಗ್ಟನ್‌ನಲ್ಲಿ ತರಬೇತಿ, ನಂತರ 24 ವರ್ಷ ಊರೂರು. ರೆಜಿಮೆಂಟಿನ ಧ್ಯೇಯವಾಕ್ಯ ಗೀತೆಯದು, 'ಸ್ವಧರ್ಮೇ ನಿಧನಂ ಶ್ರೇಯಃ'. ದೇವರ ಮುಂದೆ ದಿನಾ ಅದನ್ನೇ ಹೇಳುತ್ತಿದ್ದರು. ಅಮ್ಮನಿಗೆ ಆ 'ನಿಧನ' ಕಿವಿಗೆ ಬಿದ್ದರೆ ಆಗದು. "ಬೆಳಿಗ್ಗೆ ಬೆಳಿಗ್ಗೆ ಬೇರೆ ಏನಾದ್ರೂ ಹೇಳ್ಬಾರ್ದಾ?" ದೀಪದ ಕಂಬಗಳನ್ನು ಅಪ್ಪ ಬೆಲ್ಟಿನ ಬಕಲ್ ಉಜ್ಜಿದ ಹಾಗೆ ಬ್ರಾಸೋ ಹಾಕಿ ಉಜ್ಜುತ್ತಿದ್ದರು. ಹುಣಸೆಹಣ್ಣೇ ಆಗಬೇಕು ಎನ್ನುವ ಅಮ್ಮನಿಗೆ ಅದಕ್ಕೂ ಸಿಟ್ಟು. ನಮ್ಮ ಜಡೆ ಹೆಣೆದು, ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದವರೂ ಅಪ್ಪನೇ.

ಗಂಡ ಅಗಸ್ತ್ಯರು ಕಮಂಡಲದಲ್ಲಿ ಬಿಟ್ಟು ಹೋದರೆಂದು ಕಾವೇರಮ್ಮ ಹರಿದು ಹೊರಟಳಲ್ಲ, ಅಮ್ಮ ಆ ಕಥೆ ಹೇಳಿ ನಗುತ್ತಿದ್ದಳು. "ನಿಮ್ಮಪ್ಪನೂ ಅಗಸ್ತ್ಯರೇ. ನಾನು ಹರಿದು ಹೋಗಲಿಲ್ಲ, ಅಷ್ಟೇ."

ನನಗೇನೋ ಅಪ್ಪನೇ ಕಾವೇರಮ್ಮನ ಹಾಗೆ ಅನಿಸುತ್ತದೆ. ವರ್ಷಕ್ಕೊಮ್ಮೆ ಬರುತ್ತೇನೆ ಅಂದರೆ ಬರುತ್ತಿದ್ದರು. 60 ದಿನದ ರಜೆ. 1971ರಲ್ಲಿ ಮಾತ್ರ ಬರಲಿಲ್ಲವಂತೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಯುದ್ಧ ಮುಗಿದ ಸುದ್ದಿ ರೇಡಿಯೋದಲ್ಲಿ ಬಂದರೂ ಅಪ್ಪನ ಕಾಗದ ಇಲ್ಲ. ಕಾಗದ ಕೈಸೇರುವವರೆಗೆ ಅಜ್ಜಿ ಆ ವರ್ಷದ ತೀರ್ಥದ ಕುಡಿಕೆಯನ್ನು ದೇವರ ಮನೆಯಿಂದ ಅಲುಗಾಡಿಸಲು ಬಿಡಲಿಲ್ಲ.

ತಲಕಾವೇರಿಯ ಪುಟ್ಟ ಕೊಳ ಕುಂಡಿಕೆಯಲ್ಲಿ ತೀರ್ಥ ಉಕ್ಕುವ ಹೊತ್ತಿಗೆ ಸುತ್ತಮುತ್ತ ಕೈಗಳಿಗಿಂತ ಮೊಬೈಲ್‌ಗಳೇ ಜಾಸ್ತಿ. ಒಬ್ಬರನ್ನೊಬ್ಬರು ತಳ್ಳಾಟ. ಅಪ್ಪ ಇದ್ದಿದ್ದರೆ "ಲೈನ್ ಸೀದಾ ಮಾಡ್ರಪ್ಪಾ" ಅಂತ ಗದರುತ್ತಿದ್ದರು. ಗದರುವವರೂ ಈಗ ಯಾರಿದ್ದಾರೆ? ನಾನೂ ಸುಮ್ನೆ ತಳ್ಳಿಸಿಕೊಂಡೇ ಬಾಟಲಿ ತುಂಬಿಸಿದೆ.

ಮೂರು ವರ್ಷದ ಹಿಂದೆ ಅಪ್ಪನ ಬಾಯಿಗೆ ಕೊನೆಯ ತೀರ್ಥ ಬಿಟ್ಟದ್ದೂ ಇದೇ ಬಾಟಲಿಯಿಂದ. ಗುಟುಕು ಒಳಗೆ ಹೋಯಿತು. ನಾನು ನೋಡಿದೆ.

ಮರುದಿನ ಸೌತೆಕಾಯಿಯನ್ನೇ ಕಾವೇರಮ್ಮ ಎಂದು ಪೂಜಿಸುವ ಕಣಿ ಪೂಜೆ. ಅದಕ್ಕೆ ಕೆಂಪು ರೇಷ್ಮೆ ಸುತ್ತಿ, ತನ್ನ ಸರ ತೊಡಿಸಿ, ಅಮ್ಮ ತೀರ್ಥವನ್ನು ಕೊಕ್ಕಿರುವ ಕಿಂಡಿ ಚೊಂಬಿಗೆ ಬಗ್ಗಿಸಿಕೊಂಡಳು. ಪೂಜೆ ಮುಗಿದ ಮೇಲೆ ಬಾಟಲಿಯನ್ನು ಮೊಳೆಗೆ ತೂಗುಹಾಕಲು ಹೋದೆ. ಭಾರವಿತ್ತು.

"ಅರ್ಧ ಉಳಿಸಿದ್ದೀನಿ" ಅಂದಳು. "ನಿಮ್ಮಪ್ಪ ಯಾವತ್ತೂ ಖಾಲಿ ಬಾಟಲಿ ನೇತುಹಾಕಿದವರಲ್ಲ."