ಲೆವೀನ್ ಟೆಸ್ಟ್ ನೋಡಿ ಟಿ ಟೆಸ್ಟ್ ಆರಿಸಬೇಡಿ

ಮಲ್ಪೆ ಬಂದರಿನಲ್ಲಿ ಬಂಗುಡೆಯ ಉದ್ದ ಅಳೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಟ್ರಾಲ್ ಬೋಟಿನದ್ದು 10 ಮೀನು, ಗಿಲ್‌ನೆಟ್‌ನದ್ದು 40. ಟ್ರಾಲ್ ಬಲೆ ಸಣ್ಣದು ದೊಡ್ಡದು ಎನ್ನದೆ ಬಾಚಿಕೊಂಡು ಬರುತ್ತದೆ. ಗಿಲ್‌ನೆಟ್‌ನಲ್ಲಿ ಬಲೆಯ ಕಣ್ಣಿನ ಅಳತೆಗೆ ಕಿವಿರು ಸಿಕ್ಕಿಕೊಳ್ಳುವ ಮೀನು ಮಾತ್ರ ಉಳಿಯುತ್ತದೆ. ಸಣ್ಣದು ನುಸುಳಿ ಹೋಗುತ್ತದೆ, ತೀರಾ ದೊಡ್ಡದರ ತಲೆ ಒಳಗೆ ತೂರುವುದೇ ಇಲ್ಲ. ಎರಡು ಗುಂಪಿನ ವೇರಿಯನ್ಸ್ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಲೆಕ್ಕ) ಒಂದೇ ಇರಲಿಕ್ಕಿಲ್ಲ ಎಂಬುದು ಸ್ಕೇಲ್ ಹಿಡಿಯುವ ಮೊದಲೇ ಗೊತ್ತು. ಎರಡು ಸರಾಸರಿಗಳನ್ನು ಹೋಲಿಸುವುದು ಟಿ ಟೆಸ್ಟ್. ವೇರಿಯನ್ಸ್ ಸಮವೇ ಎಂದು ನೋಡುವುದು ಲೆವೀನ್ ಟೆಸ್ಟ್; ಸಮ ಎಂದರೆ ಸ್ಟೂಡೆಂಟ್ ಟಿ, ಅಲ್ಲ ಎಂದರೆ ವೆಲ್ಚ್ ಟಿ ಆರಿಸುತ್ತಾರೆ. ಹೀಗಿದ್ದೂ ‘ಮೊದಲು ಲೆವೀನ್, ಆಮೇಲೆ ಟಿ’ ಎಂಬ ಈ ಕ್ರಮ ಥೀಸಿಸ್ ಬರೆಯುವವರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಆ ಕ್ರಮವನ್ನು ಬಿಡಬೇಕು.

ಲೆಕ್ಕ ಮಾಡಿಯೇ ನೋಡೋಣ. ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು. ಟ್ರಾಲ್ ಸರಾಸರಿ 218 ಮಿ.ಮೀ., ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ವೇರಿಯನ್ಸ್‌ನ ವರ್ಗಮೂಲ) 12. ಗಿಲ್‌ನೆಟ್ ಸರಾಸರಿ 212, ಎಸ್‌ಡಿ 4. ಹಳೆಯ ಸ್ಟೂಡೆಂಟ್ ಟಿ ಎರಡೂ ವೇರಿಯನ್ಸ್‌ಗಳನ್ನು ಒಟ್ಟು ಸೇರಿಸುತ್ತದೆ: (9 × 144 + 39 × 16) ÷ 48 = 40. ಸ್ಟ್ಯಾಂಡರ್ಡ್ ಎರರ್ (ಸರಾಸರಿಗಳ ವ್ಯತ್ಯಾಸದಲ್ಲಿರುವ ಅನಿಶ್ಚಿತತೆ) 2.24, ವ್ಯತ್ಯಾಸ 6ನ್ನು ಅದರಿಂದ ಭಾಗಿಸಿದರೆ ಟಿ 2.68, ಪಿ 0.01. ಪಿ ಎಂದರೆ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ; ಅದು 0.05ಕ್ಕಿಂತ ಕೆಳಗಿದ್ದರೆ ವ್ಯತ್ಯಾಸ ಉಂಟು ಎನ್ನುವುದು ರೂಢಿ. ವೆಲ್ಚ್ ವಿಧಾನದಲ್ಲಿ ಆಯಾ ಗುಂಪಿನ ವೇರಿಯನ್ಸನ್ನು ಆಯಾ ಸಂಖ್ಯೆಯಿಂದಲೇ ಭಾಗಿಸುತ್ತೇವೆ: 144 ÷ 10 + 16 ÷ 40 = 14.8. ಅದರ ವರ್ಗಮೂಲ 3.85 ಸ್ಟ್ಯಾಂಡರ್ಡ್ ಎರರ್. ಟಿ 1.56, ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಟಿಯಿಂದ ಪಿ ತೆಗೆಯಲು ಬೇಕಾದ ಸಂಖ್ಯೆ) 9.5, ಪಿ ಸುಮಾರು 0.15. ಡೇಟಾ ಅದೇ, ತೀರ್ಮಾನ ಮಾತ್ರ ತಲೆಕೆಳಗು.

ಕಾರಣ ಇಷ್ಟೆ: 40 ಮೀನುಗಳ ಸಣ್ಣ ವೇರಿಯನ್ಸ್ ಒಟ್ಟು ಲೆಕ್ಕವನ್ನು ಕೆಳಗೆಳೆಯಿತು, 10 ಮೀನುಗಳ ಸರಾಸರಿಯಲ್ಲಿದ್ದ ಅನಿಶ್ಚಿತತೆ ಮರೆಯಾಯಿತು. ಎಸ್‌ಡಿಗಳನ್ನು ಅದಲುಬದಲು ಮಾಡಿದರೆ, ಅಂದರೆ 10ರ ಗುಂಪಿಗೆ 4, 40ರ ಗುಂಪಿಗೆ 12 ಕೊಟ್ಟರೆ, ಸ್ಟೂಡೆಂಟ್ ಟಿ 1.55ಕ್ಕೆ ಇಳಿಯುತ್ತದೆ, ವೆಲ್ಚ್ ಟಿ 2.63ಕ್ಕೆ ಏರುತ್ತದೆ. ಈಗ ಇರುವ ವ್ಯತ್ಯಾಸವೇ ಕಾಣದೆ ಹೋಗುವ ಅಪಾಯ. ಮೊದಲನೆಯದು ಹೆಚ್ಚು ಕೆಟ್ಟದ್ದು, ಇಲ್ಲದ್ದನ್ನು ಉಂಟು ಎಂದು ಹೇಳಿಸುತ್ತದೆ. ಗುಂಪುಗಳ ಸಂಖ್ಯೆ ಸಮವಾಗಿದ್ದರೆ ಎರಡೂ ವಿಧಾನದ ಟಿ ಒಂದೇ ಬರುತ್ತದೆ, ಡಿಎಫ್ ಮಾತ್ರ ಬದಲಾಗುತ್ತದೆ. ಹಾಗಾಗಿ ಸ್ಯಾಂಪಲ್ ತೆಗೆಯುವಾಗಲೇ ಸಂಖ್ಯೆ ಸಮ ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಲೆವೀನ್ ಟೆಸ್ಟ್‌ಗೆ ಈ ಅಪಾಯ ಹಿಡಿಯಲು ಆಗುವುದಿಲ್ಲವೇ? ಬೇಕಾದಾಗಲೇ ಆಗುವುದಿಲ್ಲ. ಗುಂಪಿಗೆ ಎಂಟು ಹತ್ತು ಇದ್ದಾಗ ಅದಕ್ಕೆ ಶಕ್ತಿ ಸಾಲದು, ದೊಡ್ಡ ವ್ಯತ್ಯಾಸವನ್ನೂ ದಾಟಿಸಿಬಿಡುತ್ತದೆ. ಐನೂರು ಇದ್ದಾಗ ಲೆಕ್ಕಕ್ಕಿಲ್ಲದ ವ್ಯತ್ಯಾಸಕ್ಕೂ ಪಿ 0.05ಕ್ಕಿಂತ ಕೆಳಗೆ ಹೋಗುತ್ತದೆ. ಅದರ ಮೇಲೆ, ಒಂದು ಟೆಸ್ಟ್‌ನ ಫಲ ನೋಡಿ ಇನ್ನೊಂದನ್ನು ಆರಿಸಿದರೆ 5 ಶೇಕಡಾ ಎಂದುಕೊಂಡ ತಪ್ಪಿನ ಪ್ರಮಾಣ 5 ಆಗಿ ಉಳಿಯುವುದಿಲ್ಲ. ವೇರಿಯನ್ಸ್ ಹೋಲಿಸುವ ಬೇರೆ ಟೆಸ್ಟ್‌ಗಳಾದ ಬಾರ್ಟ್‌ಲೆಟ್ ಮತ್ತು ಎಫ್ ಟೆಸ್ಟ್ ಇನ್ನೂ ಸೂಕ್ಷ್ಮ. ಡೇಟಾ ನಾರ್ಮಲ್ (ಗಂಟೆಯಾಕಾರದ ಹಂಚಿಕೆ) ಅಲ್ಲದಿದ್ದರೆ ವೇರಿಯನ್ಸ್ ಸಮವಿದ್ದರೂ ಗದ್ದಲ ಎಬ್ಬಿಸುತ್ತವೆ. ಇಂಥ ಪೂರ್ವಪರೀಕ್ಷೆ ಎಂದರೆ ದೊಡ್ಡ ಹಡಗು ಬಂದರು ಬಿಡಬಹುದೇ ಎಂದು ತಿಳಿಯಲು ಹುಟ್ಟುಹಾಕುವ ದೋಣಿಯನ್ನು ಕಡಲಿಗೆ ಇಳಿಸಿದ ಹಾಗೆ ಎಂಬರ್ಥದ ಮಾತನ್ನು ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್ 1953ರಲ್ಲೇ ಬರೆದರು. ನಮ್ಮ ಕರಾವಳಿಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ವೇರಿಯನ್ಸ್ ನೋಡುವುದೇ ಬೇಡ ಎಂದಲ್ಲ. ಕಣ್ಣಾರೆ ನೋಡಿ. ಎರಡು ಗುಂಪಿನ ಪ್ರತಿ ಬಿಂದುವನ್ನೂ ಅಕ್ಕಪಕ್ಕ ಹಾಕಿ. ಸ್ಯಾಂಪಲ್ ಸಣ್ಣದಿರುವಾಗ ಬಾಕ್ಸ್‌ಪ್ಲಾಟ್‌ಗಿಂತ ಇದೇ ಮೇಲು. ದೊಡ್ಡ ಎಸ್‌ಡಿಯನ್ನು ಸಣ್ಣದರಿಂದ ಭಾಗಿಸಿ. 2ರ ಹತ್ತಿರ ಬಂದರೆ ವೇರಿಯನ್ಸ್ ನಾಲ್ಕು ಪಟ್ಟು ಎಂದರ್ಥ, ಕಾರಣ ಹುಡುಕಬೇಕು. 212 ಎಂದು ಬರೆಯಬೇಕಾದಲ್ಲಿ 21.2 ಟೈಪ್ ಆದ ಒಂದೇ ಒಂದು ಸಾಲು ಎಸ್‌ಡಿಯನ್ನು ಹಲವು ಪಟ್ಟು ಉಬ್ಬಿಸಬಲ್ಲದು. ಸರಾಸರಿ ಹೆಚ್ಚಿದ ಗುಂಪಿನಲ್ಲೇ ಎಸ್‌ಡಿಯೂ ಹೆಚ್ಚಿದ್ದು, ಬಾಲ ಬಲಕ್ಕೆ ಚಾಚಿದ್ದರೆ ಲಾಗ್ ತೆಗೆದು ನೋಡಿ. ಅಳತೆಗಳ ಬದಲು ಅವುಗಳ ಕ್ರಮಾಂಕ ಹೋಲಿಸುವ ಮಾನ್–ವಿಟ್ನಿ ಟೆಸ್ಟ್‌ಗೆ ಓಡಿದರೆ ಪಾರಾದೆವು ಎಂಬುದೂ ಸರಿಯಲ್ಲ. ಹರಡು ಬೇರೆಯಾದಾಗ ಅದನ್ನು ಮೀಡಿಯನ್‌ಗಳ (ನಟ್ಟನಡುವಿನ ಬೆಲೆಗಳ) ಹೋಲಿಕೆ ಎಂದು ಓದಲಾಗದು.

ಟೆಸ್ಟ್ ಮಾತ್ರ ವೆಲ್ಚ್ ಇರಲಿ, ಅದನ್ನು ಡೇಟಾ ಸಿಗುವ ಮೊದಲೇ ಪ್ರೋಟೋಕಾಲ್‌ನಲ್ಲಿ ಬರೆದಿಡಿ. ವೇರಿಯನ್ಸ್ ನಿಜಕ್ಕೂ ಸಮವಾಗಿದ್ದರೂ ಸಾಮಾನ್ಯವಾಗಿ ಅದರಿಂದಾಗುವ ನಷ್ಟ ಅತ್ಯಲ್ಪ. ಆರ್ ಎಂಬ ಸಾಫ್ಟ್‌ವೇರ್‌ನಲ್ಲಿ ಟಿ ಟೆಸ್ಟ್ ಕೊಟ್ಟರೆ ಬರುವುದು ವೆಲ್ಚ್ ಆವೃತ್ತಿಯೇ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್‌ನಲ್ಲಿ ಎರಡು ಸಾಲು ಬರುತ್ತವೆ, ಕೆಳಗಿನ ‘ಈಕ್ವಲ್ ವೇರಿಯನ್ಸಸ್ ನಾಟ್ ಅಸ್ಯೂಮ್ಡ್’ ಓದಿ. ಅದೇ ಟೇಬಲ್‌ನ ಎಡಗಡೆ ಇರುವ ‘ಸಿಗ್’ (ಪಿ ಬೆಲೆ) ಲೆವೀನ್‌ನದ್ದು. ಅದನ್ನೇ ಟಿ ಟೆಸ್ಟ್‌ನ ಪಿ ಎಂದು ಥೀಸಿಸ್‌ಗೆ ಇಳಿಸುವ ತಪ್ಪು ಸುಲಭವಾಗಿ ಆಗುತ್ತದೆ. ಎಕ್ಸೆಲ್‌ನ ಟಿ.ಟೆಸ್ಟ್‌ನಲ್ಲಿ ವೆಲ್ಚ್ ಬೇಕಾದರೆ ಟೈಪ್ 3 ಹಾಕಬೇಕು.

ಡಿಎಫ್ 9.5 ಬಂದರೆ ಹಾಗೆಯೇ ಬರೆಯಿರಿ, 10 ಮಾಡಬೇಡಿ. ಜೊತೆಗೆ ವ್ಯತ್ಯಾಸ ಮತ್ತು ಅದರ 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಕೊಡಿ: ಇಲ್ಲಿ 6 ಮಿ.ಮೀ., −2.6ರಿಂದ 14.6. ಎರಡೂ ಎಸ್‌ಡಿ ಬರೆಯಲು ಮರೆಯಬೇಡಿ, ಬಲೆಯ ಗುಣ ಕಾಣುವುದು ಸರಾಸರಿಗಿಂತ ಅಲ್ಲಿಯೇ.

ಇದೆಲ್ಲದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು ಉಂಟು. ಆ 40 ಬಂಗುಡೆಯೂ ಒಂದೇ ದೋಣಿಯ ಒಂದೇ ಬುಟ್ಟಿಯಿಂದ ಬಂದಿದ್ದರೆ ಅವು 40 ಸ್ವತಂತ್ರ ಅಳತೆಗಳಲ್ಲ, ಏಕೆಂದರೆ ಒಂದೇ ಗುಂಪಿನಲ್ಲಿ ಈಜುವ ಮೀನುಗಳ ಅಳತೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆ ತಪ್ಪನ್ನು ವೆಲ್ಚ್ ಸರಿಪಡಿಸುವುದಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ದೋಣಿಗಳಿಂದ ಮೀನು ತೆಗೆದು, ಯಾವುದು ಯಾವ ದೋಣಿಯದ್ದು ಎಂಬುದಕ್ಕೆ ಡೇಟಾ ಶೀಟ್‌ನಲ್ಲಿ ಮೊದಲೇ ಒಂದು ಕಾಲಂ ಇಟ್ಟುಕೊಳ್ಳಿ.