ಬಿಲ್ಲಿನಲ್ಲಿದ್ದ ಅಪ್ಪನ ಹೆಸರು

ತಾರಸಿಯ ಮೇಲೆ ಸೋಲಾರ್ ಹಾಕಿಸೋಣ ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಹಾಗಾದರೆ ಸಂಡಿಗೆ ಎಲ್ಲಿಡಲಿ?” ತಿಪಟೂರಿನ ನಮ್ಮ ಮನೆಯ ಸುತ್ತ ತೆಂಗು. ಗರಿಗಳ ನೆರಳು ತಾಗದೆ ಇಡೀ ದಿನ ಬಿಸಿಲು ಬೀಳುವುದು ತಾರಸಿಯ ಒಂದೇ ಮೂಲೆಗೆ. ಅದು ನಲವತ್ತು ವರ್ಷಗಳಿಂದ ಅಮ್ಮನ ಸಂಡಿಗೆ, ಹಪ್ಪಳಗಳ ಆಸ್ತಿ.

ತಿಂಗಳಿಗೆ 200 ಯೂನಿಟ್ ಮೀರದ ಮನೆಗೆ ಪುಕ್ಕಟೆ ಕರೆಂಟ್ ಕೊಡುವ ಗೃಹಜ್ಯೋತಿ ಇರುವಾಗ ಇದೇಕೆ ಎಂದು ಪಕ್ಕದ ಮನೆಯವರು ನಕ್ಕರು. ತಿಂಗಳಿಗೆ 90 ಯೂನಿಟ್ ಉರಿಸಿ ಸೊನ್ನೆ ಬಿಲ್ಲು ಪಡೆಯುವ ಅವರ ಮಟ್ಟಿಗೆ ಆ ನಗು ಸರಿಯೇ. ನಮ್ಮದು ಕೆಳಗೊಂದು, ಮೇಲೊಂದು ಸಂಸಾರ, ಮೀಟರು ಒಂದೇ. 200 ದಾಟದ ತಿಂಗಳಿಲ್ಲ. ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ.

2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ಸಹಾಯಧನ. ಒಟ್ಟು 78,000, ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ನಮಗೆ ಮೂರು ಕಿಲೋವ್ಯಾಟಿಗೆ ತಗುಲಿದ್ದು 1,95,000. ನಾವು ಹೊರಗಿನ ತಂತಿಗೆ ಕೊಟ್ಟದ್ದನ್ನೂ ಅಲ್ಲಿಂದ ಪಡೆದದ್ದನ್ನೂ ಅಳೆಯುವ ನೆಟ್ ಮೀಟರ್ ಕೂತು, ತಪಾಸಣೆ ಮುಗಿದ ಮೇಲಷ್ಟೇ ಹಣ ಖಾತೆಗೆ ಬರುವುದರಿಂದ ಅಲ್ಲಿಯವರೆಗೆ ಕೈಯಿಂದಲೇ ಹಾಕಬೇಕು, ಇಲ್ಲವೇ ಸಾಲ ತೆಗೆಯಬೇಕು.

ಅರ್ಜಿ ಸಿಕ್ಕಿಕೊಂಡದ್ದು ದುಡ್ಡಿನಲ್ಲಲ್ಲ, ಹೆಸರಿನಲ್ಲಿ. ಅರ್ಜಿದಾರರ ಹೆಸರೂ ಬಿಲ್ಲಿನ ಹೆಸರೂ ಒಂದೇ ಇರಬೇಕು. ನಮ್ಮ ಬಿಲ್ಲು 2006ರಲ್ಲಿ ತೀರಿಕೊಂಡ ಅಪ್ಪನ ಹೆಸರಿಗೆ ಬರುತ್ತಿತ್ತು. ಅಮ್ಮ ಹದಿನೆಂಟು ವರ್ಷ ಅದನ್ನು ಹಾಗೆಯೇ ಕಟ್ಟಿಕೊಂಡು ಬಂದಿದ್ದಳು. “ರೇಷನ್ ಕಾರ್ಡಿನಿಂದ ತೆಗೆಸಿದಿರಿ, ಬ್ಯಾಂಕಿನಿಂದ ತೆಗೆಸಿದಿರಿ. ಇದೊಂದು ಇರಲಿ ಬಿಡು,” ಎಂದಳು. ನಾನು ತಿಂಗಳುಗಟ್ಟಲೆ ಆ ಮಾತೆತ್ತಲಿಲ್ಲ. ಒಂದು ಬೆಳಿಗ್ಗೆ ಮರಣ ಪ್ರಮಾಣಪತ್ರದ ಲಕೋಟೆಯನ್ನು ಅವಳೇ ತಂದು ಕಾಫಿ ಲೋಟದ ಪಕ್ಕ ಇಟ್ಟಳು. ವಂಶವೃಕ್ಷ, ಅಕ್ಕ ತಮ್ಮನ ಒಪ್ಪಿಗೆ ಪತ್ರ, ಮನೆಯ ಖಾತೆಯ ನಕಲು ಎಲ್ಲ ಸೇರಿ ಬಿಲ್ಲು ಅಮ್ಮನ ಹೆಸರಿಗೆ ಬಂತು.

ಪ್ಯಾನೆಲ್‌ಗಳನ್ನು ಏಳಡಿ ಎತ್ತರದ ಕಂಬಗಳ ಮೇಲೆ ಕೂರಿಸಿದೆವು. ಈಗ ಅಮ್ಮ ಬೆಳಿಗ್ಗೆ ಸಂಡಿಗೆಯ ಚಾಪೆಯನ್ನು ಪೂರ್ವದ ಅಂಚಿಗೆ ಹಾಸುತ್ತಾಳೆ, ಊಟವಾದ ಮೇಲೆ ಪಶ್ಚಿಮಕ್ಕೆ ಎಳೆಯುತ್ತಾಳೆ. ಅವಳ ತಲೆಯ ಮೇಲೆ ಒಳ್ಳೆಯ ದಿನ ಹನ್ನೆರಡು ಯೂನಿಟ್ ಹುಟ್ಟುತ್ತದೆ.

ಒಂದು ಸಂಗತಿಯನ್ನು ಹಾಕಿಸಿಕೊಟ್ಟವರು ಮೊದಲು ಹೇಳಲಿಲ್ಲ. ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಕರೆಂಟ್ ಹೋದರೆ ತಾನೂ ನಿಂತುಬಿಡುತ್ತದೆ. ತಂತಿ ಸರಿಮಾಡಲು ಕಂಬ ಹತ್ತಿದವನಿಗೆ ನಮ್ಮ ಮನೆಯ ವಿದ್ಯುತ್ ತಗುಲಬಾರದಲ್ಲ. ನ್ಯಾಯವೇ. ಆದರೂ ಉರಿಬಿಸಿಲಿನಲ್ಲಿ, ತಾರಸಿ ತುಂಬ ಸೋಲಾರ್ ಇಟ್ಟುಕೊಂಡು ಬೀಸಣಿಗೆ ಹಿಡಿದು ಕೂತಾಗ ಪಕ್ಕದ ಮನೆಯವರ ಮುಖ ನೋಡಲಾಗಲಿಲ್ಲ.

ನೆಟ್ ಮೀಟರಿನ ಮೊದಲ ಬಿಲ್ಲು ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಅವಳ ಹೆಸರು, ಅದರ ಮುಂದೆ ‘ಕೋಂ’, ಆಮೇಲೆ ಅಪ್ಪನ ಹೆಸರು.

“ಇಲ್ಲೇ ಇದ್ದಾರಲ್ಲ,” ಎಂದಳು. ಮೊತ್ತ ಎಷ್ಟೆಂದು ನೋಡಲೇ ಇಲ್ಲ.