ಕರೆಂಟ್ ಹೋದರೂ ರೂಟರ್ ಆರದಂತೆ

ಫೈಬರ್ ಇಂಟರ್ನೆಟ್ ಇರುವ ಮನೆಯಲ್ಲಿ ಕರೆಂಟ್ ಹೋದರೂ, ಆಪರೇಟರ್ ಕಡೆ ಬ್ಯಾಕಪ್ ಇದ್ದರೆ ಸಿಗ್ನಲ್ ಬಾಗಿಲವರೆಗೆ ಬರುತ್ತಲೇ ಇರುತ್ತದೆ. ಒಳಗಿನ ಪೆಟ್ಟಿಗೆಗೆ ಏಳೆಂಟು ವಾಟ್ ಒದಗಿಸಿದರೆ ಸಾಕು. ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಪವರ್ ಬೇಕು. ರೂಟರ್‌ಗೆ ಮಾತ್ರ ಕೊಟ್ಟರೆ ವೈಫೈ ಕಾಣುತ್ತದೆ, ನೆಟ್ ಇರುವುದಿಲ್ಲ.

ಏನನ್ನೇ ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ 12 ವೋಲ್ಟ್ 1 ಆಂಪ್ ಎಂದೋ, 9 ವೋಲ್ಟ್ 0.6 ಆಂಪ್ ಎಂದೋ ಇರುತ್ತದೆ. ವೋಲ್ಟ್ ಹೊಂದಲೇಬೇಕು, ಆಂಪ್ ಅಷ್ಟಿರಲಿ ಅಥವಾ ಹೆಚ್ಚಿರಲಿ. 9 ವೋಲ್ಟಿನ ರೂಟರ್‌ಗೆ 12 ಕೊಟ್ಟರೆ ಸುಟ್ಟುಹೋಗಬಹುದು. ಪಕ್ಕದ ಪುಟ್ಟ ಚಿತ್ರದಲ್ಲಿ ನಡುವಿನ ಚುಕ್ಕೆ ಪ್ಲಸ್ ಗುರುತಿಗೆ ಸೇರಿದ್ದರೆ ಪಿನ್ನಿನ ಒಳಭಾಗ ಪಾಸಿಟಿವ್. ಇನ್ನು ಪಿನ್ನಿನ ಅಳತೆ. ಹೊರಗೆ 5.5 ಎಂಎಂ ಇದ್ದರೂ ಒಳಗೆ 2.1 ಮತ್ತು 2.5 ಎಂದು ಎರಡು ಬಗೆ. 2.5ರ ಪಿನ್ ರೂಟರಿನ 2.1ರ ಜಾಕಿನೊಳಗೆ ಹೋಗುತ್ತದೆ, ಆದರೆ ಸಡಿಲ. ಮೇಜು ಅಲುಗಿದಾಗೆಲ್ಲ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಹೆಚ್ಚಿನ ಮನೆಗಳಿಗೆ ಮಿನಿ ಯುಪಿಎಸ್, ಅಂದರೆ ಒಳಗೆ ಬ್ಯಾಟರಿ ಇರುವ ಪುಟ್ಟ ಪೆಟ್ಟಿಗೆ, ಸರಿಯಾದ ಆಯ್ಕೆ. ಅಡಾಪ್ಟರ್ ಅದಕ್ಕೆ, ಅಲ್ಲಿಂದ ರೂಟರ್‌ಗೆ. ಜಾಹೀರಾತಿನ ಎಂಎಎಚ್ (ಬ್ಯಾಟರಿ ಸಾಮರ್ಥ್ಯದ) ಅಂಕಿ ಮಾತ್ರ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟಿನ ಲಿಥಿಯಂ ಸೆಲ್‌ಗಳ ಲೆಕ್ಕ, ಹೊರಬರುವ 12 ವೋಲ್ಟಿನದಲ್ಲ. 8000 ಎಂಎಎಚ್ ಎಂದರೆ 8 ಎಎಚ್ (ಆಂಪ್-ಅವರ್); 8 ಗುಣಿಸು 3.7, ಸುಮಾರು 30 ವಾಟ್-ಅವರ್. ಪರಿವರ್ತನೆಯಲ್ಲಿ ಹೋಗುವುದನ್ನು ಕಳೆದರೆ 25 ಉಳಿಯುತ್ತದೆ. 7 ವಾಟ್ ಎಳೆಯುವ ರೂಟರ್ ಮೂರೂವರೆ ಗಂಟೆ ಓಡುತ್ತದೆ, ಸೆಲ್ ಹಳೆಯದಾದಂತೆ ಕಡಿಮೆ.

ಕರೆಂಟ್ ಬಂದ ಮೇಲೆ ರೂಟರ್ ಆರಿ ಹತ್ತುವ ದೂರೂ ಇದೆ. ಖಾಲಿಯಾದ ಸೆಲ್ ಚಾರ್ಜ್ ಆಗಬೇಕು, ರೂಟರೂ ಓಡಬೇಕು; 1 ಆಂಪ್ ಅಡಾಪ್ಟರ್‌ಗೆ ಇದು ಭಾರ. ಅದು ಬಿಸಿಯಾಗಿ ವೋಲ್ಟೇಜ್ ಕುಸಿಯುತ್ತದೆ. ಯುಪಿಎಸ್ ಒಪ್ಪುವುದಾದರೆ 12 ವೋಲ್ಟ್ 2 ಆಂಪಿನದನ್ನು ಹಾಕಿ.

ಪವರ್ ಬ್ಯಾಂಕ್‌ಗೆ 5ರಿಂದ 12 ವೋಲ್ಟಿಗೆ ಏರಿಸುವ ಕೇಬಲ್ ಸಿಗುತ್ತದೆ, ಅಗ್ಗವೂ ಹೌದು. ಆದರೆ 5 ವೋಲ್ಟ್ 2 ಆಂಪ್ ಎಂದರೆ ಒಟ್ಟು 10 ವಾಟ್. ನಷ್ಟ ಕಳೆದು 12 ವೋಲ್ಟಿನಲ್ಲಿ 0.7 ಆಂಪ್ ಸಿಕ್ಕರೆ ಹೆಚ್ಚು. ಚಾರ್ಜರ್ ಸಿಕ್ಕಿಸಿದಾಗ, ತೆಗೆದಾಗ ಕ್ಷಣಕಾಲ ಔಟ್‌ಪುಟ್ ನಿಲ್ಲಿಸುವ ಪವರ್ ಬ್ಯಾಂಕ್‌ಗಳೂ ಬಹಳ. ಆಪತ್ತಿಗೆ ಸರಿ, ದಿನನಿತ್ಯಕ್ಕೆ ಬೇಡ.

ಮನೆಗೆ ಇನ್ವರ್ಟರ್ ಇದ್ದೂ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಿ. ಕರೆಂಟಿನಿಂದ ಬ್ಯಾಟರಿಗೆ ಬದಲಾವಣೆ ಬೇಗ ಆಗುತ್ತದೆ.

12 ವೋಲ್ಟ್ 7 ಎಎಚ್ ಲೆಡ್-ಆಸಿಡ್ ಬ್ಯಾಟರಿಯಿಂದ ರೂಟರ್‌ಗೆ ನೇರ ಪವರ್ ಕೊಡುವವರಿದ್ದಾರೆ. ಚಾರ್ಜ್ ಆಗುವಾಗ ಅದರ ವೋಲ್ಟೇಜ್ 14 ದಾಟಬಹುದು, ಇಳಿದಾಗ 11ರ ಹತ್ತಿರ ಬರುತ್ತದೆ. ನಡುವೆ ಬಕ್-ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿದರೂ ಇಳಿದರೂ ಔಟ್‌ಪುಟ್ ಒಂದೇ ಇಡುವ ಸಾಧನ) ಇಟ್ಟು, ರೂಟರ್ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು 12ಕ್ಕೆ ಹೊಂದಿಸಿ. ಪಾಸಿಟಿವ್ ಟರ್ಮಿನಲ್ಲಿಗೆ ಒತ್ತಿಕೊಂಡೇ 2 ಆಂಪ್ ಫ್ಯೂಸ್ ಇರಲಿ. ದೂರದಲ್ಲಿ ಹಾಕಿದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿ ಶಾರ್ಟ್ ಆದಾಗ ಫ್ಯೂಸ್ ಕಾಪಾಡುವುದಿಲ್ಲ.